ನೆಲ ಮುಟ್ಟದ ಕಂಬ, ನಿದ್ದೆ ಹೋದ ಬೆಕ್ಕು!

ಐದು ಅಂತಸ್ತಿನ ಮರದ ಗೋಪುರ. ಎತ್ತರ ಸುಮಾರು 36 ಮೀಟರ್. ಒಳಗೆ ನಟ್ಟನಡುವೆ ಒಂದೇ ಒಂದು ಭಾರಿ ಕಂಬ. ಸ್ವಲ್ಪ ಬಗ್ಗಿ ಅದರ ಬುಡ ನೋಡಿ. ನೋಡಿದಿರಾ? ಕಂಬ ನೆಲಕ್ಕೆ ತಾಗಿಯೇ ಇಲ್ಲ!

ಲೇಪಾಕ್ಷಿ ಅಂದಿರಾ? ಅಲ್ಲ! ಲೇಪಾಕ್ಷಿಯ ತೂಗುಗಂಬ ಕಲ್ಲಿನದು, ಇದು ಮರದ್ದು. ಅಲ್ಲಿ ಕಂಬದಡಿ ತೆಳು ಬಟ್ಟೆ ತೂರಿಸಿ ಖುಷಿಪಡುತ್ತೇವೆ. ಇಲ್ಲಿ ಅಂಗೈಯನ್ನು ಅಡ್ಡಲಾಗಿ ನಿಲ್ಲಿಸುವಷ್ಟು ಸಂದು!

ಇನ್ನೊಂದು ಸುಳಿವು ಕೊಡಲಾ? ಗೋಪುರದಿಂದ ತುಸು ಮುಂದೆ ಹೋದರೆ ಒಂದು ಕುದುರೆ ಲಾಯ. ಲಾಯದ ಸೂರಿನ ಕೆಳಗೆ ಕೂತಿರುವ ಮೂವರನ್ನು ನೀವು ಶಿಶುವಿಹಾರದಿಂದಲೇ ಬಲ್ಲಿರಿ. ಒಬ್ಬ ಕಿವಿ ಮುಚ್ಚಿದ್ದಾನೆ. ಒಬ್ಬ ಬಾಯಿ. ಒಬ್ಬ ಕಣ್ಣು. ಈ ಮೂವರ ಪುಟ್ಟ ಬೊಂಬೆಯನ್ನು ಗಾಂಧೀಜಿ ತಮ್ಮ ಬಳಿ ಇಟ್ಟುಕೊಂಡಿದ್ದರಲ್ಲ, ಅವರೇ!

ಸರಿ, ಹೇಳಿಬಿಡುತ್ತೇನೆ. ತಡೆದುಕೊಳ್ಳಲು ಆಗುತ್ತಿಲ್ಲ. ಜಪಾನಿನ ನಿಕ್ಕೋ! ಬೆಟ್ಟಗಳ ಮಡಿಲಿನ ಊರು. ಅಲ್ಲಿರುವ ತೋಷೋಗು ಎಂಬ ಶಿಂತೋ ದೇಗುಲ!

ಟೋಕಿಯೊದ ಅಸಾಕುಸಾದಲ್ಲಿ ರೈಲು ಹತ್ತಿ. ಸುಮಾರು ಎರಡು ಗಂಟೆ, ಅಷ್ಟೇ. ಕಟ್ಟಡಗಳು ಕುಗ್ಗುತ್ತವೆ, ಗದ್ದೆಗಳು ಹಿಗ್ಗುತ್ತವೆ. ಆಮೇಲೆ ಕಿಟಕಿಯಾಚೆ ಕಪ್ಪುಹಸಿರು ಗೋಡೆಯಂಥದ್ದೊಂದು ಕಾಣತೊಡಗುತ್ತದೆ. ಕಾಡೇ? ಅಲ್ಲ. ಸಾಲುಮರ!

ಎಷ್ಟು ಉದ್ದದ ಸಾಲು? ಊಹಿಸಿ. ಎರಡು ಕಿಲೋಮೀಟರ್? ಐದು? ಧೈರ್ಯ ಮಾಡಿ ಹತ್ತು ಅನ್ನುತ್ತೀರಾ?

35 ಕಿಲೋಮೀಟರಿಗೂ ಹೆಚ್ಚು! ಜಗತ್ತಿನ ಅತಿ ಉದ್ದದ ಸಾಲುಮರದ ದಾರಿ ಎಂದು ಗಿನ್ನೆಸ್ ದಾಖಲೆಯಲ್ಲಿದೆ. ಸುಗಿ ಎಂಬ ಜಪಾನಿ ದೇವದಾರು. ಇವತ್ತಿಗೂ ಸುಮಾರು 12,000 ಮರಗಳು ನಿಂತಿವೆ. ನೆಡಿಸಿದವನು ಮತ್ಸುದೈರಾ ಮಸತ್ಸುನ ಎಂಬ ಸಾಮಂತ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ನೆಟ್ಟ, ನೆಟ್ಟ, ನೆಡುತ್ತಲೇ ಹೋದ! 1648ರಲ್ಲಿ ಇಡೀ ಸಾಲನ್ನು ದೇಗುಲಕ್ಕೆ ಅರ್ಪಿಸಿದ. ಉಳಿದ ಸಾಮಂತರು ಕಂಚಿನ ದೀಪ, ಕಲ್ಲಿನ ದೀಪ ಕೊಟ್ಟರಂತೆ, ಇವನ ಕೈಯಲ್ಲಿ ಅಷ್ಟು ಹಣವಿರಲಿಲ್ಲವಂತೆ, ಅದಕ್ಕೇ ಗಿಡ ತಂದನಂತೆ. ಇದು ಜನ ಹೇಳುವ ಕಥೆ. ನಿಜವಾಗಿರಲಿ ಎಂದು ನನಗೆ ಆಸೆ!

ಇನ್ನೂ ಕೇಳಿ. ಈ ಮರಗಳಲ್ಲಿ ಒಂದನ್ನು ನೀವೂ ಕೊಳ್ಳಬಹುದು! 1996ರಿಂದ ಹಾಗೊಂದು ವ್ಯವಸ್ಥೆಯಿದೆ. ಒಂದು ಮರಕ್ಕೆ ಒಂದು ಕೋಟಿ ಯೆನ್. ಮರ ಮನೆಗೆ ಬರುವುದಿಲ್ಲ, ಕಡಿಯುವ ಮಾತಂತೂ ಇಲ್ಲವೇ ಇಲ್ಲ. ಹಣ ಒಂದು ನಿಧಿಗೆ ಹೋಗುತ್ತದೆ, ಅದರ ಗಳಿಕೆಯಲ್ಲಿ ಸಾಲುಮರದ ಆರೈಕೆ. ಬೇಡವೆನಿಸಿದ ದಿನ ನಿಮ್ಮ ಹಣ ನಿಮಗೆ ವಾಪಸು! ಎಂಥ ಜಾಣತನ!

ರೈಲು ಇಳಿದು ಏರುದಾರಿ ಹಿಡಿಯಿರಿ. ಬಸ್ಸಿದೆ, ಆದರೂ ನಡೆಯಿರಿ. ಅರ್ಧ ಗಂಟೆಯ ನಡಿಗೆ ಮುಗಿಯುವಾಗ ದೈಯಾ ನದಿ ಭೋರೆನ್ನುತ್ತ ಎದುರಾಗುತ್ತದೆ. ಅದರ ಮೇಲೆ ಕುಂಕುಮ ಬಳಿದಂತೆ ಕೆಂಪಗೆ, ಬಿಲ್ಲಿನಂತೆ ಬಾಗಿದ ಒಂದು ಸೇತುವೆ. ಶಿನ್‌ಕ್ಯೋ, ಎಂದರೆ ದೇವಸೇತುವೆ. ಎಂಟನೇ ಶತಮಾನದಲ್ಲಿ ಶೋದೋ ಎಂಬ ಸನ್ಯಾಸಿ ಈ ಹೊಳೆ ದಾಟಲಾಗದೆ ನಿಂತಿದ್ದಾಗ ಎರಡು ಹಾವುಗಳು ಹೆಣೆದುಕೊಂಡು ಸೇತುವೆಯಾದವು ಎಂಬುದು ಕಥೆ. ಹಾವಿನ ಬೆನ್ನು ಜಾರಬಾರದಲ್ಲ? ಅದಕ್ಕೆ ಮೇಲೆ ಹುಲ್ಲು ಬೆಳೆಯಿತು! ಕಥೆ ಕಟ್ಟಿದವರು ಅದನ್ನೂ ಮರೆಯಲಿಲ್ಲ ನೋಡಿ!

ಹೊಳೆ ದಾಟಿ ಕಾಡು ಹೊಕ್ಕರೆ ಬಿಸಿಲು ಕಡಿಮೆಯಾಯಿತು. ಗಾಳಿಗೆ ಒದ್ದೆ ತೊಗಟೆಯ ವಾಸನೆ. ಕಲ್ಲಿನ ಮೇಲೆಲ್ಲ ಪಾಚಿ. ಅಗಲವಾದ ದಾರಿ. ದಾರಿಯ ಕೊನೆಗೆ ಮೆಟ್ಟಿಲು, ಮೆಟ್ಟಿಲ ಮೇಲೆ ದೈತ್ಯ ಕಲ್ಲಿನ ತೋರಣ. ಶಿಂತೋ ದೇಗುಲಗಳ ಮುಂದಿರುವ ಈ ತೋರಣಕ್ಕೆ ತೋರಿ ಎನ್ನುತ್ತಾರೆ. ತೋರಣ, ತೋರಿ! ಆ ಪದಕ್ಕೂ ನಮ್ಮ ತೋರಣಕ್ಕೂ ನಂಟಿದೆಯೇ ಎಂದು ವಿದ್ವಾಂಸರು ಚರ್ಚಿಸುತ್ತಾರೆ. ಬಾಯಲ್ಲಿ ಹೇಳಿಕೊಂಡಾಗ ನನ್ನ ಮೈ ಜುಮ್ಮೆಂದಿತು!

ತೋರಿಯ ಎತ್ತರ 9 ಮೀಟರಿಗೂ ಹೆಚ್ಚು. ಆದರೆ ಕೆಳಗೆ ನಿಂತು ನೋಡಿದರೆ ಇನ್ನೂ ದೊಡ್ಡದೆನಿಸುತ್ತದೆ. ಯಾಕೆ ಗೊತ್ತೇ? ಮುಂದಿರುವ ಹತ್ತು ಮೆಟ್ಟಿಲುಗಳನ್ನು ಗಮನಿಸಿ. ಕೆಳಗಿನ ಮೆಟ್ಟಿಲು ಅಗಲ. ಮೇಲೆ ಹೋದಂತೆ ಕಿರಿದು! ದೂರದ ವಸ್ತು ಸಣ್ಣದಾಗಿ ಕಾಣುತ್ತದೆಂದು ನಂಬಿದ ಕಣ್ಣಿಗೆ ಮೋಸ. ತೋರಿ ಬಹಳ ದೂರದಲ್ಲಿದೆ, ಆದ್ದರಿಂದ ಬಹಳ ದೊಡ್ಡದಿರಬೇಕು ಎಂದು ಕಣ್ಣು ತೀರ್ಮಾನಿಸಿಬಿಡುತ್ತದೆ! 1618ರಲ್ಲಿ ಕುರೋದ ನಗಮಸ ಎಂಬ ಸಾಮಂತ ದೂರದ ಕ್ಯೂಷು ದ್ವೀಪದಿಂದ ಕಲ್ಲು ತರಿಸಿ ಒಪ್ಪಿಸಿದ ತೋರಿ ಇದು. ಹಡಗಿನಲ್ಲಿ ಬಂದ ಕಲ್ಲು ಬೆಟ್ಟ ಹತ್ತಿದ್ದನ್ನು ನೆನೆಸಿಕೊಳ್ಳಿ!

ಈಗ ಎಡಕ್ಕೆ ತಿರುಗಿ. ಇಗೋ, ನಾನು ಮೊದಲೇ ಹೇಳಿದ ಗೋಪುರ!

ಕಂಬವನ್ನು ನಾಲ್ಕನೇ ಅಂತಸ್ತಿನಿಂದ ಸರಪಳಿ ಹಾಕಿ ತೂಗುಬಿಟ್ಟಿದ್ದಾರೆ. ಬುಡಕ್ಕೂ ನೆಲಕ್ಕೂ ನಡುವೆ ಸುಮಾರು 10 ಸೆಂಟಿಮೀಟರ್ ಬರೀ ಗಾಳಿ! ಯಾಕೆ ಈ ಕಸರತ್ತು? ಮರ ವರ್ಷದಿಂದ ವರ್ಷಕ್ಕೆ ಒಣಗಿ ಕುಗ್ಗುತ್ತದೆ. ಅಂತಸ್ತುಗಳು ಒಂದರ ಮೇಲೊಂದು ತುಸು ತುಸುವೇ ಕೂರುತ್ತವೆ. ನಡುಗಂಬ ನೆಲದ ಮೇಲೆ ನಿಂತಿದ್ದರೆ ಅದು ಕೂರುವುದಿಲ್ಲ, ಒಂದು ದಿನ ಮಾಡನ್ನೇ ಮೇಲೆತ್ತಿಬಿಡುತ್ತದೆ! ತೂಗುಬಿಟ್ಟರೆ ಗೋಪುರದ ಜೊತೆಗೇ ಇಳಿಯುತ್ತದೆ. ಭೂಮಿ ನಡುಗಿದಾಗ ಗೋಪುರ ಒಂದು ಕಡೆ ವಾಲಿದರೆ ಕಂಬ ಇನ್ನೊಂದು ಕಡೆ ತೂಗಿ ಸರಿದೂಗಿಸುತ್ತದೆ ಎನ್ನುತ್ತಾರೆ. ಗಡಿಯಾರದ ಲೋಲಕದ ಹಾಗೆ!

1650ರ ಮೊದಲ ಗೋಪುರ ಬೆಂಕಿಗೆ ಹೋಯಿತು. ಈಗಿರುವುದು 1818ರದ್ದು. ಅಲ್ಲಿಂದ ಇಲ್ಲಿಗೆ ಎಷ್ಟು ಭೂಕಂಪಗಳು! ನಿಂತಿದೆ!

ತಾಳಿ, ಈಗ ಟೋಕಿಯೊ ಸ್ಕೈಟ್ರೀ ನೆನಪಿಸಿಕೊಳ್ಳಿ. 2012ರಲ್ಲಿ ತೆರೆದ ಆ ಆಕಾಶಗೋಪುರದ ಒಳಗೆ ಒಂದು ಕಾಂಕ್ರೀಟ್ ನಡುಗಂಬವಿದೆ. ಬಹುಪಾಲು ಎತ್ತರಕ್ಕೆ ಅದು ಹೊರಗಿನ ಉಕ್ಕಿನ ಚೌಕಟ್ಟಿನಿಂದ ಬಿಡಿ, ಭೂಕಂಪದಲ್ಲಿ ಬೇರೆಯಾಗಿಯೇ ತೂಗುತ್ತದೆ. ಇಂಥ ಹಳೆಯ ಗೋಪುರಗಳ ನಡುಗಂಬದ ಹೆಸರನ್ನೇ ಅದಕ್ಕೂ ಇಟ್ಟಿದ್ದಾರೆ! ಸ್ಕೈಟ್ರೀ ಎತ್ತರ 634 ಮೀಟರ್. ಈಗ ಊಹಿಸಿ, ನಿಕ್ಕೋದ ಈ ಗೋಪುರ ನಿಂತ ನೆಲ ಸಮುದ್ರಮಟ್ಟದಿಂದ ಎಷ್ಟು ಮೇಲಿದೆ?

ಸುಮಾರು 634 ಮೀಟರ್! ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ, ತಾನಾಗಿಯೇ ಹಾಗೆ ಕೂಡಿಬಂದಿದೆ! ಬೆಟ್ಟದ ಮೇಲಿನ ಮರದ ಗೋಪುರದ ಪಾದಕ್ಕೆ ಸಮನಾಗಿ ನಗರದ ಉಕ್ಕಿನ ಗೋಪುರದ ನೆತ್ತಿ!

ಗೋಪುರದ ಕೆಳ ಅಂತಸ್ತಿನಲ್ಲಿ ಹನ್ನೆರಡು ವರ್ಷಗಳ ಹನ್ನೆರಡು ಪ್ರಾಣಿಗಳು. ಮುಂಭಾಗದ ಮೂರನ್ನು ನೋಡಿ. ಹುಲಿ, ಮೊಲ, ಡ್ರ್ಯಾಗನ್. ಇವು ಮೂವರು ಶೋಗನ್ನರು, ಅಂದರೆ ಜಪಾನನ್ನು ಆಳಿದ ಸೇನಾಧಿಪತಿಗಳು, ಹುಟ್ಟಿದ ವರ್ಷಗಳ ಗುರುತು. ಅಜ್ಜ, ಮಗ, ಮೊಮ್ಮಗ. ಅಜ್ಜ ತೊಕುಗಾವ ಇಯೆಯಾಸು. ಮಗ ಹಿದೆತಾದ. ಮೊಮ್ಮಗ ಇಯೆಮಿತ್ಸು. ಇಡೀ ತೋಷೋಗು ಈ ಅಜ್ಜ ಮೊಮ್ಮಗನ ಕಥೆ!

ಅಜ್ಜ ಹುಟ್ಟಿದ್ದು ಯುದ್ಧದ ನಡುವೆ. ಜಪಾನಿನ ಸಾಮಂತರು ಒಬ್ಬರನ್ನೊಬ್ಬರು ಕಡಿದಾಡುತ್ತ ನೂರು ವರ್ಷ ಕಳೆದರು. 1600ರಲ್ಲಿ ಸೆಕಿಗಹಾರ ಕದನ ಗೆದ್ದು, 1603ರಲ್ಲಿ ಶೋಗನ್ ಆಗಿ, ಇಯೆಯಾಸು ಆ ಕಡಿದಾಟಕ್ಕೆ ಕೊನೆ ಹಾಡಿದ. 1616ರಲ್ಲಿ ತೀರಿಕೊಂಡ. ಅವನ ಕೊನೆಯಾಸೆ ಏನಿತ್ತು ಗೊತ್ತೇ? ವರ್ಷ ಕಳೆದ ಮೇಲೆ ನಿಕ್ಕೋದಲ್ಲಿ ಒಂದು ಚಿಕ್ಕ ಗುಡಿ ಕಟ್ಟಿ.

ಚಿಕ್ಕ ಗುಡಿ!

1617ರಲ್ಲಿ ಗುಡಿ ಎದ್ದಿತು. ಆದರೆ ಅಜ್ಜನೆಂದರೆ ಪ್ರಾಣ ಬಿಡುತ್ತಿದ್ದ ಮೊಮ್ಮಗನಿಗೆ ಅದು ಸಾಲಲಿಲ್ಲ. ಇಯೆಮಿತ್ಸು ಶೋಗನ್ ಆದ, ಎಲ್ಲವನ್ನೂ ಹೊಸದಾಗಿ ಕಟ್ಟಿಸಿದ. 1634ರಲ್ಲಿ ಶುರು, 1636ರಲ್ಲಿ ಮುಕ್ತಾಯ. ಎಷ್ಟು ತಿಂಗಳು? ಬರೀ 17! ದಿನದ ಲೆಕ್ಕದಲ್ಲಿ ಕೂಡಿಸಿದರೆ ಎಷ್ಟು ಆಳು ದುಡಿದರು? 45 ಲಕ್ಷಕ್ಕೂ ಹೆಚ್ಚು! ಭಾಗಿಸಿ ನೋಡಿದೆ. ದಿನವೂ ಹತ್ತಿರ ಹತ್ತಿರ ಒಂಬತ್ತು ಸಾವಿರ ಜನ! ಬಡಗಿಗಳು, ಕೆತ್ತುವವರು, ಅರಗು ಬಳಿಯುವವರು, ಹೊರುವವರು. ಚಿನ್ನದ ರೇಕು ಎಷ್ಟು ಹೋಯಿತು? ಸುಮಾರು 25 ಲಕ್ಷ ಹಾಳೆ!

ಇನ್ನು ಕೆತ್ತನೆಗಳ ಸಂಖ್ಯೆ. ಅದನ್ನು ಈಗ ಹೇಳುವುದಿಲ್ಲ. ಮೊದಲು ಒಂದು ಆನೆ ನೋಡೋಣ ಬನ್ನಿ!

ಹೌದು, ಆನೆ! ಒಳಬಾಗಿಲು ದಾಟಿದರೆ ಬಲಗಡೆ ಉಗ್ರಾಣಗಳ ಸಾಲು. ಒಂದು ಉಗ್ರಾಣದ ಮಾಡಿನ ಕೆಳಗೆ, ತ್ರಿಕೋನದ ಜಾಗದಲ್ಲಿ ಎರಡು ಆನೆ. ತಲೆ ಎತ್ತಿ ನೋಡುತ್ತ ನಿಂತೆ. ಏನೋ ಎಡವಟ್ಟಾಗಿದೆಯಲ್ಲ! ಸೊಂಡಿಲಿದೆ. ದಂತವಿದೆ. ಆದರೆ ಕಿವಿ? ಮೊರದಗಲದ ಕಿವಿ ಎಲ್ಲಿ? ಕಣ್ಣು ಅರ್ಧಚಂದ್ರದ ಹಾಗೆ ನಗುತ್ತಿದೆ. ಬಾಲಕ್ಕೆ ಇಷ್ಟೊಂದು ಕೂದಲೇ!

ಇದಕ್ಕೆ ಮೂಲಚಿತ್ರ ಬರೆದವನು ಕನೋ ತನ್ಯು. ಆ ಕಾಲದ ಮಹಾ ಚಿತ್ರಕಾರ. ಮತ್ತೆ ಯಾಕೆ ಹೀಗೆ?

ಅವನು ಆನೆಯನ್ನೇ ನೋಡಿರಲಿಲ್ಲ!

ಒಂದೇ ಒಂದು ಆನೆಯನ್ನೂ ಕಾಣದೆ, ಕೇಳಿದ್ದರಿಂದ, ಓದಿದ್ದರಿಂದ ಬರೆದ! ಇಂದಿಗೂ ಇವುಗಳ ಹೆಸರೇ ಊಹೆಯ ಆನೆಗಳು. ದಸರೆಯಲ್ಲಿ ಕೈಚಾಚಿದರೆ ಮುಟ್ಟುವಷ್ಟು ಹತ್ತಿರದಿಂದ ಆನೆ ನೋಡಿ ಬೆಳೆದವರು ನಾವು. ಸೊಂಡಿಲ ಮೇಲಿನ ಒಂದೊಂದು ಚುಕ್ಕಿಯೂ ನಮಗೆ ಗೊತ್ತು. ಆದರೂ ಇಲ್ಲಿ ನಿಂತು ತನ್ಯುವಿಗೆ ಕೈ ಮುಗಿಯಬೇಕೆನಿಸಿತು. ಬರೀ ಮಾತು ಕೇಳಿ ಇಷ್ಟು ಹತ್ತಿರ ಬಂದನಲ್ಲ! ನಾವು ಕಾಣದ ಪ್ರಾಣಿಯನ್ನು ನಮ್ಮಿಂದ ಹೀಗೆ ಬರೆಯಲಾದೀತೇ?

ಆನೆಗಳ ಎದುರಿಗೇ ಕುದುರೆ ಲಾಯ! ಸುತ್ತಲೆಲ್ಲ ಚಿನ್ನ, ಕೆಂಪು, ಕಪ್ಪು ಅರಗು ಥಳಥಳ. ಇದೊಂದು ಮಾತ್ರ ಬರೀ ಮರ, ಬಣ್ಣವಿಲ್ಲದ ಮೈ. ಇಡೀ ಆವರಣದಲ್ಲಿ ಅರಗು ಬಳಿಯದ ಕಟ್ಟಡ ಇದೊಂದೇ! ದೇವರ ಬಿಳಿ ಕುದುರೆಯ ಲಾಯ ಇದು. ಕೋತಿ ಕುದುರೆಗೆ ಕಾವಲು, ಅದಿದ್ದರೆ ಕುದುರೆಗೆ ರೋಗ ಬರದು ಎಂಬ ಹಳೆಯ ನಂಬಿಕೆಯಿಂದ ಕೋತಿಗಳನ್ನು ಕೆತ್ತಿಟ್ಟರು.

ಜನ ಗುಂಪುಗುಂಪಾಗಿ ಬರುತ್ತಾರೆ, ಮೂರು ಕೋತಿಗಳ ಫೋಟೊ ಹೊಡೆಯುತ್ತಾರೆ, ಹೊರಟುಬಿಡುತ್ತಾರೆ. ಅಯ್ಯೋ, ನಿಲ್ಲಿ! ಕೋತಿಗಳು ಮೂರಲ್ಲ!

ಎಷ್ಟು? ಹದಿನಾರು! ಎಂಟು ಹಲಗೆಗಳಲ್ಲಿ 16 ಕೋತಿಗಳು. ಎಡದಿಂದ ಓದುತ್ತ ಬನ್ನಿ. ಓದುತ್ತ ಅಂದೆ, ಯಾಕೆಂದರೆ ಇದು ಒಂದು ಇಡೀ ಬಾಳಿನ ಕಥೆ!

ಮೊದಲ ಹಲಗೆಯಲ್ಲಿ ತಾಯಿಕೋತಿ ಹಣೆಗೆ ಕೈ ಅಡ್ಡ ಹಿಡಿದು ದೂರಕ್ಕೆ ನೋಡುತ್ತಿದೆ. ಏನನ್ನು? ಮರಿಯ ಮುಂದಿನ ಬದುಕನ್ನು! ಮರಿ ತಾಯಿಯ ಮುಖವನ್ನೇ ನೋಡುತ್ತಿದೆ. ಎರಡನೆಯದರಲ್ಲಿ ನಮ್ಮ ಮೂವರು. ಮೂರನೆಯದರಲ್ಲಿ ಒಂಟಿ ಕೋತಿ, ಇನ್ನೇನು ಎದ್ದು ನಿಲ್ಲಬೇಕು, ತನ್ನ ಕಾಲ ಮೇಲೆ ತಾನು. ನಾಲ್ಕನೆಯದರಲ್ಲಿ ಯೌವನ, ಕತ್ತೆತ್ತಿ ಆಕಾಶ ನೋಡುತ್ತಿವೆ, ಕನಸಿಗೆ ಕೊನೆಯಿಲ್ಲ. ಐದನೆಯದರಲ್ಲಿ ಒಂದು ಕೋತಿ ಸೋತು ಕೆಳಗೆ ದಿಟ್ಟಿಸುತ್ತಿದೆ, ಪಕ್ಕದಲ್ಲಿ ಗೆಳೆಯ ಬೆನ್ನು ಮುಟ್ಟಿ ಸಮಾಧಾನ ಹೇಳುತ್ತಿದ್ದಾನೆ. ಆರರಲ್ಲಿ ಪ್ರೇಮದ ಚಿಂತೆ. ಏಳರಲ್ಲಿ ಮದುವೆ, ಎದುರಿಗೆ ದೊಡ್ಡ ದೊಡ್ಡ ಅಲೆಗಳು! ಎಂಟನೆಯದರಲ್ಲಿ?

ಬಸುರಿ ಕೋತಿ!

ಅಂದರೆ ಮತ್ತೆ ಮೊದಲ ಹಲಗೆಗೆ ಬಂದೆವು! ಮರಿ ಹುಟ್ಟುತ್ತದೆ, ತಾಯಿ ಹಣೆಗೆ ಕೈ ಹಿಡಿದು ದೂರಕ್ಕೆ ನೋಡುತ್ತಾಳೆ! ಐದನೇ ಹಲಗೆಯ ಮುಂದೆ ನಾನು ಬಹಳ ಹೊತ್ತು ನಿಂತೆ. ಆ ಗೆಳೆಯನ ಕೈ ಇದೆಯಲ್ಲ, ಸೋತವನ ಬೆನ್ನ ಮೇಲೆ, ಅದನ್ನು ನೋಡಿ ಗಂಟಲು ಕಟ್ಟಿತು.

ಹಾಗಾದರೆ ಕೆಟ್ಟದ್ದನ್ನು ನೋಡಬೇಡ, ಕೇಳಬೇಡ, ಆಡಬೇಡ ಎಂಬ ಪಾಠ ಯಾರಿಗೆ? ಸಾಲಿನಲ್ಲಿಟ್ಟು ನೋಡಿದರೆ ಅದು ಬಾಲ್ಯದ ಹಲಗೆ. ಎಳೆಯ ಮಗುವಿನ ಕಣ್ಣು ಕಿವಿ ಬಾಯಿಗೆ ಕೆಟ್ಟದ್ದು ಸೋಕದಿರಲಿ ಎಂಬುದು ಅಲ್ಲಿನ ಅರ್ಥ! ಒಂದು ಪದದಾಟವೂ ಸೇರಿದೆ. ಜಪಾನಿ ಭಾಷೆಯಲ್ಲಿ ಸರು ಎಂದರೆ ಕೋತಿ. ಝರು ಎಂದರೆ ಮಾಡದೆ ಇರುವುದು. ಮಿ‌ಝರು, ಕಿಕ‌ಝರು, ಇವ‌ಝರು. ನೋಡದೆ, ಕೇಳದೆ, ಆಡದೆ! ಒಂದೊಂದು ಮಾತಿನ ಬಾಲದಲ್ಲೂ ಒಂದೊಂದು ಕೋತಿ!

ಮೆಟ್ಟಿಲು ಹತ್ತುವ ಮುನ್ನ ಒಂದು ದೀಪ. ಎಂಟು ಮೂಲೆಯ, ತಿರುಗುವ ಭಾರಿ ಲೋಹದ ದೀಪಗೂಡು. ಇದು ಜಪಾನಿನದ್ದಲ್ಲ, 1643ರಲ್ಲಿ ಡಚ್ಚರು ಕೊಟ್ಟದ್ದು. ಆಗ ಜಪಾನ್ ಹೊರಗಿನವರಿಗೆ ಬಾಗಿಲು ಹಾಕಿಕೊಂಡಿತ್ತು, ಯುರೋಪಿನವರಲ್ಲಿ ಡಚ್ಚರಿಗೊಬ್ಬರಿಗೇ ವ್ಯಾಪಾರದ ಅನುಮತಿ. ಅವರು ಶೋಗನ್ನನ ಮನಸ್ಸು ಗೆಲ್ಲಲು ದೀಪದ ಮೇಲೆ ಅವನ ಮನೆತನದ ಮೂರೆಲೆಯ ಲಾಂಛನ ಹಾಕಿಸಿದರು. ಹತ್ತಿರ ಹೋಗಿ ನೋಡಿ. ಏನಾದರೂ ಕಂಡಿತೇ?

ಲಾಂಛನ ತಲೆಕೆಳಗಾಗಿದೆ! ಆದರೂ ಶೋಗನ್ ದೀಪವನ್ನು ಸ್ವೀಕರಿಸಿದ. 1643ರ ಆ ತಪ್ಪು ಇವತ್ತಿಗೂ ಹಾಗೇ ತಲೆಕೆಳಗಾಗಿ ಎಲ್ಲರಿಗೂ ಕಾಣುವಂತೆ ನಿಂತಿದೆ!

ಇನ್ನು ಸಿದ್ಧರಾಗಿ. ಮೆಟ್ಟಿಲ ಮೇಲೆ ಯೋಮೆಯ್‌ಮೋನ್!

ಹೆಬ್ಬಾಗಿಲು. ಎತ್ತರ 11 ಮೀಟರ್. ಇದಕ್ಕೆ ಹೊತ್ತು ಮುಳುಗುವ ಬಾಗಿಲು ಎಂಬ ಅಡ್ಡಹೆಸರಿದೆ. ನೋಡುತ್ತ ನಿಂತರೆ ಹೊತ್ತು ಮುಳುಗಿದ್ದೇ ತಿಳಿಯದಂತೆ! ಬಿಳಿ, ಚಿನ್ನ, ಕಪ್ಪು. ಬಿಳಿ ಎಂದರೆ ಸುಣ್ಣವಲ್ಲ, ಚಿಪ್ಪುಗಳನ್ನು ಅರೆದು ಮಾಡಿದ ಬಣ್ಣ! ನಾಲ್ಕು ವರ್ಷ ಸಾರವೆ ಕಟ್ಟಿ, ಹೊಸ ಚಿನ್ನ ಹೊದಿಸಿ 2017ರಲ್ಲಿ ಮತ್ತೆ ತೆರೆದರು. ಬಿಸಿಲು ಬಿದ್ದರೆ ಕಣ್ಣು ಕೋರೈಸುತ್ತದೆ.

ಈ ಒಂದು ಬಾಗಿಲಿನಲ್ಲಿ ಎಷ್ಟು ಕೆತ್ತನೆ? 508! ಇದರ ಒಳಗಿನ ಪುಟ್ಟ ಬಾಗಿಲು ಕರಮೋನ್‌ನಲ್ಲಿ? 611! ಪುಟ್ಟದರಲ್ಲೇ ಹೆಚ್ಚು! ಇಡೀ ತೋಷೋಗುವಿನಲ್ಲಿ? ಇಷ್ಟು ಹೊತ್ತು ಬಾಯಿ ಕಟ್ಟಿ ಇಟ್ಟಿದ್ದೆ. 5,173!

ಯುದ್ಧ ಗೆದ್ದವನ ಬಾಗಿಲಲ್ಲವೇ? ಕತ್ತಿ, ಕುದುರೆ, ಕಡಿದ ರುಂಡ ಇರಬೇಕೆಂದುಕೊಂಡು ನೋಡುತ್ತ ಹೋದೆ. ಕಣ್ಣಿನ ಮಟ್ಟಕ್ಕಿಂತ ತುಸು ಮೇಲೆ ಕಂಡವರು ಯಾರು? ಮಕ್ಕಳು! ಆಡುತ್ತಿರುವ ಮಕ್ಕಳು! ನಟ್ಟನಡುವೆ ಒಂದು ಒಡೆದ ಹಂಡೆ, ನೀರು ಸುರಿಯುತ್ತಿದೆ. ಅದು ಚೀನಾದ ಹಳೆಯ ಕಥೆ. ಬೆಲೆಬಾಳುವ ನೀರಿನ ಹಂಡೆಯೊಳಗೆ ಗೆಳೆಯ ಬಿದ್ದುಬಿಟ್ಟ. ಉಳಿದ ಹುಡುಗರು ಓಡಿದರು. ಒಬ್ಬ ಮಾತ್ರ ಕಲ್ಲೆತ್ತಿ ಹಂಡೆಯನ್ನೇ ಒಡೆದ! ಗೆಳೆಯ ಬದುಕಿದ. ಹುಡುಗನ ಹೆಸರು ಸಿಮಾ ಗುವಾಂಗ್, ಬೆಳೆದು ದೊಡ್ಡ ಇತಿಹಾಸಕಾರನಾದ. ಎಂಥ ವಸ್ತುವಿಗಿಂತಲೂ ಒಂದು ಮಗುವಿನ ಜೀವ ದೊಡ್ಡದು ಎಂಬ ಈ ಕಥೆಯನ್ನು ಶೋಗನ್ನನ ಹೆಬ್ಬಾಗಿಲಿಗೆ ಆರಿಸಿದವರು ಯಾರೋ, ಅವರಿಗೆ ನನ್ನ ನಮಸ್ಕಾರ!

ಈಗ ಒಂದು ಒಗಟು. ಬಾಗಿಲಿಗೆ 12 ಬಿಳಿ ಕಂಬಗಳು. ಮೈತುಂಬ ಸುರುಳಿ ಸುರುಳಿ ಕೆತ್ತನೆ. ಹನ್ನೊಂದು ಒಂದೇ ಥರ, ಒಂದು ಬೇರೆ. ಹುಡುಕಿ! ನಾನು ಎರಡು ಸಲ ಸುತ್ತಿದೆ. ಕುತ್ತಿಗೆ ನೋಯುವವರೆಗೆ ಹೋಲಿಸಿದೆ. ಸಿಕ್ಕಿತು!

ಆ ಒಂದು ಕಂಬದಲ್ಲಿ ಸುರುಳಿಗಳು ತಲೆಕೆಳಗು! ಕೈತಪ್ಪಿ ಆದದ್ದಲ್ಲ, ಬೇಕೆಂದೇ ಮಾಡಿದ್ದು. ಕಟ್ಟಡ ಪೂರ್ತಿಯಾದ ಗಳಿಗೆಯಿಂದಲೇ ಅದರ ಅಳಿವು ಶುರು ಎಂಬ ನಂಬಿಕೆ. ಪೂರ್ತಿ ಆಗದಿದ್ದರೆ? ಅಳಿವೂ ಇಲ್ಲ! ಅದಕ್ಕೇ ಒಂದು ಕಂಬ ತಿರುಗಾಮುರುಗಾ. ನಮ್ಮ ಅಜ್ಜಿಯರು ಚೆಂದದ ಕೂಸಿನ ಕೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟು ಇಡುತ್ತಾರಲ್ಲ, ಅದೇ! ಚಿನ್ನದ ಹೆಬ್ಬಾಗಿಲಿನ ಕೆನ್ನೆಗೊಂದು ದೃಷ್ಟಿಬೊಟ್ಟು!

ರಾತ್ರಿ ಈ ದಾರಿಯಲ್ಲಿ ನಿಂತು ನೋಡಿದರೆ ಯೋಮೆಯ್‌ಮೋನ್‌ನ ನೆತ್ತಿಯ ಮೇಲೆ ಧ್ರುವತಾರೆ ಬರುತ್ತದೆ ಎನ್ನುತ್ತಾರೆ. ನಿಕ್ಕೋ ಇರುವುದು ಶೋಗನ್ನರ ರಾಜಧಾನಿ ಎದೋದ, ಅಂದರೆ ಇಂದಿನ ಟೋಕಿಯೊದ, ಉತ್ತರ ದಿಕ್ಕಿಗೆ. ಕದಲದ ನಕ್ಷತ್ರದ ಕೆಳಗೆ ಅಜ್ಜ!

ಆದರೆ ಅಜ್ಜ ಮಲಗಿರುವುದು ಇಲ್ಲಿ ಅಲ್ಲ, ಇನ್ನೂ ಮೇಲೆ. ಅಲ್ಲಿಗೆ ಹೋಗುವ ಬಾಗಿಲನ್ನು ಕಾಯುವವರು ಯಾರು? ಸಿಂಹ? ಹುಲಿ? ದ್ವಾರಪಾಲಕ?

ಬೆಕ್ಕು! ಅದೂ ನಿದ್ದೆ ಮಾಡುತ್ತಿರುವ ಬೆಕ್ಕು!

ಎಷ್ಟು ದೊಡ್ಡದು ಅಂದುಕೊಂಡಿರಿ? ಗೇಣುದ್ದ! ಬಾಗಿಲಿನ ಮೇಲೆ ಹೂಗಳ ನಡುವೆ ಮುದುಡಿ ಮಲಗಿದೆ. ಎಷ್ಟೋ ಜನ ಕೆಳಗಿನಿಂದ ಹಾದು ಹೋಗಿ, ಬೆಕ್ಕೆಲ್ಲಿ ಎಂದು ಕೇಳುತ್ತಾರೆ. ಕೆತ್ತಿದವನು ಎಡಗೈ ಶಿಲ್ಪಿ ಜಿಂಗೊರೋ ಎಂದು ಪ್ರತೀತಿ. ನಮ್ಮ ಜಕಣಾಚಾರಿಯ ಹಾಗೆ ಕಥೆಗಳಲ್ಲಿ ಬೆಳೆದವನು ಅವನು. ಬೆಕ್ಕು ಜಪಾನಿನ ರಾಷ್ಟ್ರೀಯ ನಿಧಿ!

ಸ್ವಲ್ಪ ಬದಿಗೆ ಸರಿದು ಇನ್ನೊಮ್ಮೆ ನೋಡಿ. ನಿದ್ದೆಯೋ? ಮುಂಗಾಲು ಬಿಗಿದು ನೆಗೆಯಲು ಕಾದಿರುವಂತಿಲ್ಲವೇ! ಎದುರಿಂದ ನಿದ್ದೆ, ಪಕ್ಕದಿಂದ ಹೊಂಚು!

ಬಾಗಿಲು ದಾಟಿದಿರಾ? ಮುಂದೆ ಹೋಗಬೇಡಿ, ಹಿಂದಿರುಗಿ ನೋಡಿ! ಬೆಕ್ಕಿನ ಬೆನ್ನ ಹಿಂದೆ, ಅದೇ ತೊಲೆಯ ಮೇಲೆ, ಗುಬ್ಬಿಗಳು! ಬಿದಿರಿನ ನಡುವೆ ಆಡುತ್ತಿವೆ! ಬೆಕ್ಕು ಕಣ್ಣು ಬಿಟ್ಟರೆ ಒಂದು ಗುಬ್ಬಿಯೂ ಉಳಿಯದು. ಬೆಕ್ಕು ಮಲಗಿದೆ, ಗುಬ್ಬಿ ಆಡುತ್ತಿದೆ. ನೂರು ವರ್ಷ ಕಾದಾಡಿದ ದೇಶ ಶಾಂತಿ ಎಂದರೇನೆಂದು ಗೇಣುದ್ದ ಮರದಲ್ಲಿ ಹೇಳಿದ್ದು ಹೀಗೆ!

ಅಲ್ಲಿಂದ ಏರು. ಕಲ್ಲಿನ ಮೆಟ್ಟಿಲು, ಎರಡೂ ಬದಿ ದೇವದಾರು. ಎಷ್ಟು ಮೆಟ್ಟಿಲು? ಎಣಿಸುತ್ತ ಹತ್ತಿದೆ, ಎಂಬತ್ತರ ಹತ್ತಿರ ಲೆಕ್ಕ ತಪ್ಪಿತು, ಉಸಿರೂ ತಪ್ಪಿತು. 207! ಒಂದೊಂದು ಮೆಟ್ಟಿಲೂ ಒಂದೇ ಕಲ್ಲು, ತುಂಡು ಜೋಡಿಸಿಲ್ಲ. ಚಳಿಗಾಲದಲ್ಲಿ ಇಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ನೆಲವನ್ನೇ ಎತ್ತುತ್ತದೆ. ಸಣ್ಣ ಕಲ್ಲುಗಳಾದರೆ ಕಿತ್ತು ಬರುತ್ತವೆ. ಇಡೀ ಕಲ್ಲಾದರೆ ಜಗ್ಗುವುದಿಲ್ಲ!

ಮೇಲೆ ತಲುಪಿದಾಗ ಏನು ಕಾಣುತ್ತದೆ? ಕೆಳಗೆ ಅಷ್ಟೆಲ್ಲ ಚಿನ್ನ ಸುರಿದವರು ಇಲ್ಲಿ ಏನು ಮಾಡಿರಬಹುದು?

ಏನೂ ಇಲ್ಲ! ಕಲ್ಲಿನ ಕಟ್ಟೆಯ ಮೇಲೆ ಒಂದು ಲೋಹದ ಸಮಾಧಿಗೋಪುರ. ಮಂಕು ಬಣ್ಣ. ಮೊದಲು ಮರದ್ದಿತ್ತು, ಆಮೇಲೆ ಕಲ್ಲಿನದು, 1683ರ ಭೂಕಂಪದಲ್ಲಿ ಅದು ಹಾಳಾದ ಮೇಲೆ ಈ ಲೋಹದ್ದು. ಮುಂದೆ ಒಂದು ಕೊಕ್ಕರೆ ಆಮೆಯ ಮೇಲೆ ನಿಂತಿದೆ. ಸುತ್ತ ಮರಗಳು. ಗಾಳಿ. ಅಷ್ಟೇ! ಕೊನೆಯಾಸೆಯ ಆ ಚಿಕ್ಕ ಗುಡಿ ಇಲ್ಲಿ ಸಿಕ್ಕಿತು ಅನ್ನಿಸಿತು ನನಗೆ. ಕೆಳಗೆ ಜನ ಕೂಗುತ್ತಿದ್ದರು. ಮೇಲೆ ಎಲ್ಲರೂ ತಾವಾಗಿಯೇ ಪಿಸುಮಾತಿಗೆ ಇಳಿದಿದ್ದರು.

ಮೊಮ್ಮಗ ಎಲ್ಲಿ? ಇಲ್ಲೇ ಪಕ್ಕದ ಗುಡ್ಡದಲ್ಲಿ! 1651ರಲ್ಲಿ ಇಯೆಮಿತ್ಸು ತೀರಿಕೊಂಡ ಮೇಲೆ ಅವನ ಸಮಾಧಿ ಮಂದಿರ ತಾಯ್ಯುಯಿನ್ ಎದ್ದಿತು. ಅಜ್ಜನದಕ್ಕಿಂತ ಮೆರುಗು ಹೆಚ್ಚಾಗದಂತೆ ಎಚ್ಚರ ವಹಿಸಿ ಕಟ್ಟಿದರು. ಅದರ ಮುಖ ಯಾವ ದಿಕ್ಕಿಗೆ? ಅಜ್ಜನ ತೋಷೋಗು ಇರುವ ಕಡೆಗೆ! ಸತ್ತ ಮೇಲೂ ಅಜ್ಜನನ್ನೇ ನೋಡುತ್ತ ಕುಳಿತ ಮೊಮ್ಮಗ!

ಹಸಿವಾಯಿತೇ? ಬೆಟ್ಟ ಇಳಿದ ಮೇಲೆ ಯೂಬಾ ತಿನ್ನಿ. ಕಾಸಿದ ಹಾಲಿನ ಮೇಲೆ ಕೆನೆ ಕಟ್ಟುತ್ತದಲ್ಲ, ಹಾಗೆ ಕಾಸಿದ ಸೋಯಾ ಹಾಲಿನ ಮೇಲೆ ಕಟ್ಟುವ ಕೆನೆ! ಕ್ಯೋಟೊದಲ್ಲಿ ಅಂಚಿನಿಂದ ಎತ್ತುತ್ತಾರೆ, ಒಂದೇ ಪದರ. ನಿಕ್ಕೋದಲ್ಲಿ ನಡುವೆ ಕಡ್ಡಿ ತೂರಿಸಿ ಎತ್ತುತ್ತಾರೆ, ಮಡಿಚಿ ಎರಡು ಪದರ! ಸುರುಳಿ ಸುತ್ತಿ ಬೇಯಿಸಿದ್ದನ್ನು ಬಾಯಿಗಿಟ್ಟರೆ ಮೊದಲು ಸಾರು ಒಸರುತ್ತದೆ, ಆಮೇಲೆ ಮೆಲ್ಲಗೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಸಸ್ಯಾಹಾರಿಗಳು ಒಂದು ಮಾತು ಕೇಳಿಕೊಳ್ಳಿ, ಸಾರಿಗೆ ಮೀನಿನ ರಸ ಸೇರಿಸುವುದು ಅಲ್ಲಿನ ವಾಡಿಕೆ.

ಅಯ್ಯೋ, ಊಟಕ್ಕೆ ಓಡಿಸಿಬಿಟ್ಟೆ! ಹೊರಡುವ ಮುನ್ನ ನೋಡಲೇಬೇಕಾದ್ದು ಒಂದಿದೆ. ನೋಡಬೇಕಾದ್ದಲ್ಲ, ಕೇಳಬೇಕಾದ್ದು!

ಯೋಮೆಯ್‌ಮೋನ್‌ನ ಎಡಕ್ಕೆ ಯಾಕುಶಿಯ ಮಂದಿರ. ಯಾಕುಶಿ ಎಂದರೆ ಔಷಧಿ ಬುದ್ಧ. ಶಿಂತೋ ದೇಗುಲದಲ್ಲಿ ಬುದ್ಧನೇ ಎಂದು ಕೇಳುತ್ತೀರಾ? ಜಪಾನಿನಲ್ಲಿ ನೂರಾರು ವರ್ಷ ಎರಡೂ ಒಂದೇ ಸೂರಿನಡಿ ಬಾಳಿದವು. 1868ರ ನಂತರವೇ ಸರ್ಕಾರ ಬೇರೆ ಮಾಡಿಸಿದ್ದು. ಚಪ್ಪಲಿ ಬಿಟ್ಟು ಒಳಗೆ ಬನ್ನಿ. ಮಬ್ಬುಗತ್ತಲು. ತಲೆಯೆತ್ತಿ!

ಇಡೀ ಚಾವಣಿಗೆ ಒಂದೇ ಡ್ರ್ಯಾಗನ್! ಸುಮಾರು 15 ಮೀಟರ್ ಉದ್ದಕ್ಕೆ ಮೋಡ ಸೀಳಿಕೊಂಡು ಬರುತ್ತಿದೆ. ಕಪ್ಪು ಮಸಿಯ ಮೈ, ದಿಟ್ಟಿಸುವ ಕಣ್ಣು.

ಮಂದಿರದವರೊಬ್ಬರು ಎರಡು ಮರದ ತುಂಡು ಹಿಡಿದು ನಿಂತರು. ಡ್ರ್ಯಾಗನ್ನಿನ ಬಾಲದ ಕೆಳಗೆ ನಿಂತು ಒಮ್ಮೆ ಬಡಿದರು. ಟಕ್. ಅಷ್ಟೇ. ಮರದ ಸದ್ದು, ಸತ್ತುಹೋಯಿತು.

ನಾಲ್ಕು ಹೆಜ್ಜೆ ನಡೆದು ತಲೆಯ ಕೆಳಗೆ ನಿಂತರು. ಅದೇ ತುಂಡು. ಅದೇ ಕೈ. ಬಡಿದರು.

ಟಕ್... ರ್ರ್ರಿಂಣ್... ಣ್... ಣ್... ಣ್...

ಗೆಜ್ಜೆ! ಯಾರೋ ತಲೆಯ ಮೇಲೆ ಬೆಳ್ಳಿಯ ಗೆಜ್ಜೆ ಅಲುಗಿಸಿದಂತೆ! ಡ್ರ್ಯಾಗನ್ ಕೂಗುತ್ತಿದೆ! ಅದಕ್ಕೇ ಇದರ ಹೆಸರು ನಕಿರ್ಯು, ಕೂಗುವ ಡ್ರ್ಯಾಗನ್. ತಲೆಯ ಭಾಗದಲ್ಲಿ ಚಾವಣಿ ಕಣ್ಣಿಗೆ ಕಾಣದಷ್ಟು ಮೇಲಕ್ಕೆ ಬಾಗಿದೆ. ಸದ್ದು ಆ ಬಾಗಿಗೂ ನೆಲಕ್ಕೂ ನಡುವೆ ಸಿಕ್ಕಿಬಿದ್ದು ಚೆಂಡಿನಂತೆ ಪುಟಿಯುತ್ತದೆ, ಪುಟಿಯುತ್ತದೆ, ಪುಟಿಯುತ್ತಲೇ ಇರುತ್ತದೆ!

ಕೊನೆಯ ಅಚ್ಚರಿ ಕೇಳಿ. ಈ ಮಂದಿರ 1961ರಲ್ಲಿ ಸುಟ್ಟುಹೋಗಿತ್ತು! ಡ್ರ್ಯಾಗನ್ ಬೂದಿಯಾಗಿತ್ತು. ಗೋಡೆ ಮತ್ತೆ ಕಟ್ಟಬಹುದು. ಚಿತ್ರ ಮತ್ತೆ ಬರೆಯಬಹುದು, ಕತಾಯಾಮ ನಂಪು ಎಂಬ ಕಲಾವಿದ ಬರೆದೂ ಬರೆದ. ಆದರೆ ದನಿ? ಸುಟ್ಟುಹೋದ ಗಂಟಲನ್ನು ಹೇಗೆ ಕಟ್ಟುತ್ತೀರಿ? ಕಟ್ಟಿದರು! ಚಾವಣಿಯ ಬಾಗನ್ನು ಮತ್ತೆ ತಂದರು, ಡ್ರ್ಯಾಗನ್ ಮತ್ತೆ ಕೂಗಿತು!

ನನ್ನ ಪಕ್ಕದಲ್ಲಿ ನಾಲ್ಕೈದು ವರ್ಷದ ಹುಡುಗಿಯೊಬ್ಬಳು ಅಮ್ಮನ ಕೈ ಹಿಡಿದು ಬಾಯಿ ತೆರೆದು ಮೇಲೆ ನೋಡುತ್ತಿದ್ದಳು. ಸದ್ದು ಪೂರ್ತಿ ಅಡಗುವವರೆಗೆ ಉಸಿರೆತ್ತಲಿಲ್ಲ. ಆಮೇಲೆ ಮೆಲ್ಲಗೆ ಎರಡು ಪದ ಅಂದಳು. ನನಗೆ ಬರುವ ಹತ್ತಾರು ಜಪಾನಿ ಪದಗಳಲ್ಲಿ ಆ ಎರಡೂ ಇದ್ದವು. ಮೋ ಇಕ್ಕಾಯ್. ಇನ್ನೊಂದು ಸಲ!

ಮಂದಿರದವರು ನಕ್ಕರು. ಮರದ ತುಂಡುಗಳನ್ನು ಮತ್ತೆ ಎತ್ತಿದರು.